ಬೀದಿಮರದ ಕಾಯಿದೆ ಮತ್ತು ರಾಚಮ್ಮನ ಮೇಕೆಗಳು

ಮೈಸೂರು ಸೀಮೆಗೆ ಬೀದಿಮರ ನೆಡುವುದನ್ನು ಕಲಿಸಿದವನು ನಾನು. ಇದನ್ನು ಒಪ್ಪದವರು ಹುಣಸೂರಿನಲ್ಲೂ ಇದ್ದಾರೆ, ಪಿರಿಯಾಪಟ್ಟಣದಲ್ಲೂ ಇದ್ದಾರೆ. ಇರಲಿ ಪಾಪ, ಅವರೂ ಯಾವತ್ತಾದರೊಂದು ದಿನ ನಮ್ಮ ಬೀದಿಯ ನೆರಳಲ್ಲಿ ಕೂತು ಬೆವರು ಒರೆಸಿಕೊಂಡು ಹೋದವರೇ.

ಹಂಪಾಪುರ ದಾಟಿ ಕೋಟೆಯ ಕಡೆಗೆ ಬಂದರೆ ಸಿಗುವುದು ನಮ್ಮ ಕರಿಕಲ್ಲುಪೇಟೆ. ಐವತ್ಮೂರನೆಯ ಇಸವಿಯಲ್ಲಿ ಊರಿಗೆಲ್ಲ ಒಂದೇ ಬೀದಿ, ಆ ಬೀದಿಗೆ ಒಂದೂ ಮರವಿಲ್ಲ. ಬಿಸಿಲು ಎಂಥದ್ದೆಂದರೆ, ನನ್ನ ಅಂಗಡಿಯ ಬೆಲ್ಲದ ಅಚ್ಚುಗಳು ಮಧ್ಯಾಹ್ನದ ಹೊತ್ತಿಗೆ ಕರಗಿ ಪಾಕವಾಗಿ, ಸಂಜೆ ತಂಪಿಗೆ ಮತ್ತೆ ಅಚ್ಚಾಗುತ್ತಿದ್ದವು. ಬೆಳಿಗ್ಗೆ ಬಂದ ಗಿರಾಕಿಗೆ ತಕ್ಕಡಿಯಲ್ಲಿ ತೂಗಿ ಕೊಡುತ್ತಿದ್ದೆ, ಮಧ್ಯಾಹ್ನ ಬಂದವನಿಗೆ ಚೊಂಬಿನಲ್ಲಿ ಅಳೆದು ಹೊಯ್ಯುತ್ತಿದ್ದೆ. ಬೆಲ್ಲದಂಗಡಿ ರುದ್ರಸ್ವಾಮಿ ಅಂದರೆ ಸಾಕು, ದಾರಿಹೋಕ ನಾಯಿಯೂ ಕರೆದುಕೊಂಡು ಬಂದು ಬಿಡುತ್ತಿತ್ತು.

ಆ ವರ್ಷದ ಆಷಾಢದಲ್ಲಿ ವನಮಹೋತ್ಸವ ಮಾಡಿ ಎಂದು ಮೇಲಿನಿಂದ ಸುತ್ತೋಲೆ ಬಂತು. ಪಂಚಾಯಿತಿ ಅಧ್ಯಕ್ಷರು ವೀರಭದ್ರಸ್ವಾಮಿ, ಅಕ್ಕಿ ಗಿರಣಿಯ ಯಜಮಾನರು. ಅವರು ಕುರ್ಚಿಯಿಂದ ಎದ್ದರೆ ಕುರ್ಚಿಯೂ ಜೊತೆಗೆ ಏಳುವಂಥ ಮೈಕಟ್ಟು. ಸುತ್ತೋಲೆಯನ್ನು ನನ್ನ ಕೈಗಿಟ್ಟು, "ರುದ್ರಸ್ವಾಮಿ, ಇದ್ರಲ್ಲಿ ಗುಂಡಿ, ಗೊಬ್ಬರ, ಅಡಿ, ಅಂಗುಲ ಅಂತ ಏನೇನೋ ಐತೆ. ಇದು ನಿಮ್ಮಂಥೋರ ಕೆಲಸ ಕಣ್ರೀ. ಬೀದಿಮರದ ಸಮಿತಿಗೆ ನೀವೇ ಯಜಮಾನರು" ಎಂದರು. ನನ್ನನ್ನು ಬಿಟ್ಟರೆ ಬೇರೆ ಯಾರಿದ್ದರು, ಹೇಳಿ.

ಸುತ್ತೋಲೆ ಒಳ್ಳೆಯದೇ ಇತ್ತು, ಆದರೆ ಸಪ್ಪೆ. ಗುಂಡಿ ಮೂರಡಿ ಆಳ ಇರಬೇಕು. ಅಗೆಯುವಾಗ ಮೇಲುಮಣ್ಣನ್ನು ಬೇರೆ ರಾಶಿ ಹಾಕಿ, ಗಿಡ ಇಡುವಾಗ ಅದನ್ನೇ ಬೇರಿನ ಸುತ್ತ ತುಂಬಬೇಕು. ಗೋಡೆಯಿಂದ ಎರಡು ಮಾರು ದೂರ. ತಂತಿಯ ಕೆಳಗೆ ಬೇಡ, ಬಾವಿಯ ಪಕ್ಕ ಆಲ ಅರಳಿ ಬೇಡ, ಬೇರು ನೀರು ಹುಡುಕಿಕೊಂಡು ಹೋಗಿ ಕಲ್ಲುಕಟ್ಟಡ ಸೀಳುತ್ತದೆ. ಬಾಗಿಲಿನ ನೇರಕ್ಕೆ ನೆಡದೆ ಪಕ್ಕಕ್ಕೆ ಸರಿಸಿ ನೆಡಬೇಕು. ಇಷ್ಟನ್ನೂ ನಾನು ಒಂದೇ ಉಸಿರಿಗೆ ಓದಿ, ಕಣ್ಣು ಮುಚ್ಚಿ ಒಪ್ಪಿಸಿದೆ. ನಮ್ಮ ಗುಂಡಿಗಳನ್ನು ನೋಡಿದವರು ಬಾವಿ ತೋಡುತ್ತಿದ್ದಾರೆಂದು ಕೊಡ ಹಿಡಿದು ಬಂದದ್ದೂ ಉಂಟು.

ಸುತ್ತೋಲೆಯಲ್ಲಿ ಹೊಂಗೆ ನೆಡಿ ಎಂದಿತ್ತು. ಅಧ್ಯಕ್ಷರು ಒಪ್ಪಲಿಲ್ಲ.

"ಹೊಂಗೆ ಒಲದ ಬದೀಗೆ ಕಣ್ರೀ, ಪೇಟೆ ಬೀದೀಗಲ್ಲ. ಮನೆ ಮುಂದೆ ಮಂಗಳದ ಮರ ಇರ್ಬೇಕು. ಒಂದು ಮನೆಗೆ ಬೇವು, ಪಕ್ಕದ ಮನೆಗೆ ಮಾವು. ನೋಡೋಕೂ ಚೆಂದ."

ನನಗೂ ಅದು ಚೆಂದವೆನಿಸಿತು. ಹಾಗೇ ಆಯಿತು. ಯಾರ ಮನೆಯ ಮುಂದಿನ ಗಿಡವೋ ಅದಕ್ಕೆ ಅವರೇ ನೀರು ಹೊಯ್ಯಬೇಕು, ಅದಕ್ಕೆ ಏನಾದರೂ ಆದರೆ ಅವರೇ ಜವಾಬು ಹೇಳಬೇಕು ಎಂದೂ ಗೊತ್ತುಮಾಡಿದೆವು. ಕೊನೆಗೆ ಸುತ್ತೋಲೆಯಲ್ಲಿ ಇಲ್ಲದ ಒಂದು ಕಾಯಿದೆಯನ್ನು ನಾನೇ ಬರೆದು ಸೇರಿಸಿದೆ: 'ಬೀದಿಮರದ ಎಲೆಗೆ ಬಾಯಿ ಹಾಕಿದ್ದು ಅಥವಾ ಕೈ ಹಾಕಿದ್ದು ನಾಲ್ಕು ಕಾಲಿನದ್ದಾಗಲಿ, ಎರಡು ಕಾಲಿನದ್ದಾಗಲಿ, ಅದನ್ನು ಹೊತ್ತು ಮುಳುಗುವ ತನಕ ಊರ ದೊಡ್ಡಿಗೆ ಹಾಕತಕ್ಕದ್ದು.' ದೊಡ್ಡಿ ಎಂದರೆ ಬೆಳೆಗೆ ಬಿದ್ದ ದನ ಕರು ಕೂಡುವ ಕಲ್ಲುಗೋಡೆಯ ಆವರಣ. ಎರಡು ಕಾಲಿನ ಮಾತು ಸೇರಿಸಿದ್ದು ವಾಕ್ಯಕ್ಕೆ ತೂಕ ಬರಲೆಂದು. ಓದಿದಾಗ ಅಧ್ಯಕ್ಷರ ಮೈ ಜುಮ್ಮೆಂದಿತು. ಅವರು ತಮ್ಮ ಪಾಲಿಗೆ ಇನ್ನೊಂದು ಸಾಲು ಸೇರಿಸಿದರು: ನಾಲ್ಕು ಕಾಲಿನದ್ದಾದರೆ ಹರಾಜು.

ಆ ಸಾಲು ಯಾರ ಮೇಲೆಂದು ಇಡೀ ಊರಿಗೆ ಗೊತ್ತಿತ್ತು. ಬೀದಿಯ ತುದಿಯಲ್ಲಿ ರಾಚಮ್ಮನ ಗುಡಿಸಲು. ಗಂಡ ತೀರಿಕೊಂಡ ಮೇಲೆ ಒಂಬತ್ತು ಹಾಲಿನ ಮೇಕೆ ಕಟ್ಟಿಕೊಂಡು ಬದುಕುತ್ತಿದ್ದಳು. ಊರಿನ ಎಳೆಗೂಸುಗಳಲ್ಲಿ ಅರ್ಧಕ್ಕರ್ಧ ಆ ಮೇಕೆಗಳ ಹಾಲು ಕುಡಿದು ಬೆಳೆದವೇ. ಒಂದೊಂದಕ್ಕೂ ಹೆಸರಿತ್ತು, ಒಂದನ್ನೂ ಕತ್ತಿಗೆ ಕೊಟ್ಟವಳಲ್ಲ. ಅವಳ ಬಾಯಿ ಮಾತ್ರ ಕೇಳಬೇಡಿ; ಅವಳ ಗುಡಿಸಲಿನ ಮುಂದೆ ಮಾನಂದವಾಡಿಯ ಬಸ್ಸು ಹಾರನ್ ಹಾಕದೆ ತಲೆ ತಗ್ಗಿಸಿಕೊಂಡು ಹೋಗುತ್ತಿತ್ತು.

ಕಾಯಿದೆ ಕೇಳಿದವಳೇ ಅಂಗಡಿಗೆ ಬಂದಳು.

"ಏನ್ಲಾ ರುದ್ರಸಾಮಿ, ನನ್ ಮೇಕೆ ಎದ್ರುಗೆ ಕಾಯ್ದೆ ಬರ್ದಿದ್ದೀಯಂತೆ?"

"ಮೇಕೆ ಎದ್ರುಗಲ್ಲ ಕಣಕ್ಕ. ಗಿಡ ಮುಟ್ಟಿದವರ ಎದ್ರುಗೆ. ಯಾರಾದ್ರೂ ಸರಿ."

"ಯಾರಾದ್ರೂ ಅಂದ್ರೆ ನಿಮ್ಮ ಅಧ್ಯಕ್ಸನೂ?"

"ಅಧ್ಯಕ್ಷರೂ. ನಾನೂ."

"ಆ ಮಾತು ಮಡಿಕ್ಕೊ, ಬೇಕಾಯ್ತದೆ" ಎಂದವಳು ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡು ಹೋದಳು.

ಗಿಡಗಳು ಬೆಳೆದದ್ದನ್ನು ನೀವು ನೋಡಬೇಕಿತ್ತು. ಸುತ್ತ ಬಿದಿರಿನ ಬುಟ್ಟಿ, ಬುಟ್ಟಿಯ ಸುತ್ತ ಮುಳ್ಳು, ಬುಡಕ್ಕೆ ನನ್ನ ಉಸ್ತುವಾರಿ. ದೀಪಾವಳಿಗೆ ಸೊಂಟ ಮುಟ್ಟಿದವು, ಸಂಕ್ರಾಂತಿಗೆ ಹೆಗಲು. ಬೇವು ಬೆಳೆಯುವ ಸದ್ದಿಗೆ ನಿದ್ದೆ ಹತ್ತುವುದಿಲ್ಲವೆಂದು ಸಣ್ಣಬೀರಯ್ಯ ನನ್ನ ಹತ್ತಿರ ದೂರು ತಂದ. ಈ ಸಣ್ಣಬೀರಯ್ಯ ಅಧ್ಯಕ್ಷರ ಗಿರಣಿಯ ಮೇಸ್ತ್ರಿ. ಬಾಡಿನ ವಿಷಯ ಬಂದರೆ ಮಾತ್ರ ಕಣ್ಣು ಪೂರಾ ತೆರೆಯುವ ಮನುಷ್ಯ.

ಯುಗಾದಿಗೆ ವಾರ ಇರುವಾಗ ಸುದ್ದಿ ಬಂತು: ಮರಗಿಡದ ಸಾಹೇಬರು ಹಬ್ಬದ ದಿನ ಸಂಜೆ ಕಾಕನಕೋಟೆಯ ಬಂಗಲೆಗೆ ಹೋಗುವಾಗ ನಮ್ಮ ಬೀದಿ ನೋಡಿಕೊಂಡು ಹೋಗುತ್ತಾರೆ, ಗಿಡಗಳು ಚೆನ್ನಾಗಿದ್ದರೆ 'ಮಾದರಿ ಬೀದಿ' ಎಂದು ಬೋರ್ಡು ಕೊಡುತ್ತಾರೆ. ಅಧ್ಯಕ್ಷರು ಆಗಲೇ ಬೋರ್ಡಿಗೆ ಕಂಬ ನೆಡಿಸಿಬಿಟ್ಟರು. ಹಬ್ಬದ ಹಿಂದಿನ ಸಂಜೆ ನಾವಿಬ್ಬರೂ ಬೀದಿಯ ಉದ್ದಕ್ಕೂ ನಡೆದು ಒಂದೊಂದು ಗಿಡವನ್ನೂ ಮುಟ್ಟಿ ನೋಡಿದೆವು. ಮಾವಿನ ಎಳೆ ಎಲೆ ತಾಮ್ರದ ತಟ್ಟೆಯ ಹಾಗೆ ಹೊಳೆಯುತ್ತಿತ್ತು. ಬೇವು ಆ ಬೇಸಿಗೆಯಲ್ಲೂ ಹೊಸದಾಗಿ ಚಿಗುರಿತ್ತು.

ಅಷ್ಟಕ್ಕೂ ಅಧ್ಯಕ್ಷರಿಗೆ ಸಮಾಧಾನವಿಲ್ಲ. ರಾಚಮ್ಮನ ಮೇಕೆಗಳನ್ನು ಹಿಡಿಸಿ ತಂದು ದೊಡ್ಡಿಗೆ ಕೂಡಿಸಿ, ಬೀಗ ಜಡಿದು, ಬೀಗದ ಕೈಯನ್ನು ತಮ್ಮ ಉಡಿದಾರಕ್ಕೆ ಕಟ್ಟಿಕೊಂಡರು.

"ಇನ್ನೂ ಏನೂ ತಿಂದಿಲ್ವಲ್ರೀ!" ಎಂದು ರಾಚಮ್ಮ ಗೇಟು ಹಿಡಿದು ಅಲ್ಲಾಡಿಸಿದಳು.

"ಮುಂಜಾಗ್ರತೆ ಕಣಮ್ಮ. ಸಾಯೇಬ್ರು ಬರೋ ಹೊತ್ಗೆ ಗಿಡ ಅಂಗೇ ಇದ್ರೆ ನಿನ್ ಮೇಕೆ ನಿಂಗೆ. ಒಂದು ರೆಂಬೆ ಕಮ್ಮಿಯಾದ್ರೆ ನಾಳೆ ಸಂಜೇನೇ ಹರಾಜು."

ನಾಳೆ ಸಂಜೆ ಹರಾಜೆಂದರೆ ಏನೆಂದು ಬಿಡಿಸಿ ಹೇಳಬೇಕಿರಲಿಲ್ಲ. ಯುಗಾದಿಯ ಮಾರನೆಯ ದಿನ ಹೊಸತೊಡಕು. ನಮ್ಮಂಥ ಕೆಲವು ಮನೆ ಬಿಟ್ಟರೆ ಊರಲ್ಲೆಲ್ಲ ಅವತ್ತು ಬಾಡು ಬೇಯಲೇಬೇಕು. ಸಂಜೆ ಹರಾಜಾದ ಮೇಕೆ ಬೆಳಗಾಗುವಷ್ಟರಲ್ಲಿ ಒಲೆಯ ಮೇಲಿರುತ್ತದೆ. ಸಣ್ಣಬೀರಯ್ಯ ಆಗಲೇ ಗೋಡೆಯ ಮೇಲೆ ಗಲ್ಲ ಊರಿ, ಯಾವ ಮೇಕೆಯ ತೊಡೆ ಮೆತ್ತಗಿದೆಯೆಂದು ನೋಡುತ್ತಿದ್ದ.

ರಾಚಮ್ಮ ಅವತ್ತು ಬೈಯಲಿಲ್ಲ. ಗೇಟಿನ ಸಂದಿಯಲ್ಲಿ ಕೈ ತೂರಿಸಿ ಒಂದೊಂದರ ಕಿವಿಯನ್ನೂ ಸವರಿ ಹೋದಳು. ಅದನ್ನು ನೋಡಿ ನನ್ನಂಥ ಗಟ್ಟಿ ಎದೆಯವನಿಗೂ ಊಟ ಸೇರಲಿಲ್ಲ. ನಾಲ್ಕೇ ಮುದ್ದೆಗೆ ಎದ್ದುಬಿಟ್ಟೆ.

ಯುಗಾದಿಯ ಬೆಳಿಗ್ಗೆ ಎಣ್ಣೆನೀರು ಹಾಕಿಕೊಂಡು ಹೊಸ ಪಂಚೆ ಉಟ್ಟು ಬೀದಿಗೆ ಬಂದೆ. ಬಂದವನು ಹಾಗೇ ನಿಂತೆ. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಬಿದಿರಿನ ಬುಟ್ಟಿಯೊಳಗೆ ಬರೀ ಕಡ್ಡಿಗಳು. ಒಂದರ ಮೇಲೂ ಎಲೆಯಿಲ್ಲ. ಬೋಳಿಸಿ ಕೂರಿಸಿದ ಹಾಗೆ ಇದ್ದವು.

ಅಷ್ಟರಲ್ಲಿ ಸಣ್ಣಬೀರಯ್ಯ ಕೂಗು ಹಾಕಿದ. "ಮೇಕೆ ತಿಂದವೆ! ರಾಚಮ್ಮನ ಮೇಕೆ ತಿಂದವೆ!" ದುಃಖದ ಕೂಗಾಗಿರಲಿಲ್ಲ ಅದು. ಅವನ ಮನೆಯೊಳಗಿಂದ ಮಸಾಲೆ ಅರೆಯುವ ಸದ್ದು ಆಗಲೇ ಕೇಳುತ್ತಿತ್ತು.

ಊರೆಲ್ಲ ದೊಡ್ಡಿಯ ಮುಂದೆ ಸೇರಿತು. ಅಧ್ಯಕ್ಷರ ಮುಖ ಬೆಂದ ಬದನೆಕಾಯಿಯಾಗಿತ್ತು. "ತೀರ್ಪು ಕೊಡಿ ರುದ್ರಸ್ವಾಮಿ. ಕಾಯಿದೆ ನಿಮ್ದೇ. ಸಂಜೆ ಹರಾಜು ಕೂಗಿಸ್ತೀನಿ" ಎಂದರು. ನಾನು ಕಲ್ಲಿನ ಮೇಲೆ ಕೂತೆ. ನ್ಯಾಯ ಹೇಳುವುದಕ್ಕೆ ನಾನು ಕೂತರೆ ಮೈಸೂರಿನ ದೊಡ್ಡ ಕೋರ್ಟೇ ಎದ್ದು ನಿಲ್ಲುತ್ತದೆ, ಅದು ಬೇರೆ ಮಾತು.

"ಬೀಗದ ಕೈ ಎಲ್ಲಿ?" ಎಂದೆ.

ಅಧ್ಯಕ್ಷರು ಉಡಿದಾರ ಮುಟ್ಟಿ ನೋಡಿಕೊಂಡರು. "ಇಲ್ಲೇ ಐತೆ."

"ನಿನ್ನೆ ಸಂಜೆ ಗಿಡಗಳ ತುಂಬ ಎಲೆ ಇದ್ದದ್ದು ನಾವಿಬ್ರೂ ನೋಡಿದ್ದೀವಿ. ಆಮೇಲೆ ಮೇಕೆಗಳು ಒಳಗೆ, ಬೀಗ ಹೊರಗೆ, ಕೈ ನಿಮ್ಮ ಸೊಂಟದಲ್ಲಿ."

"ಗೋಡೆ ಹಾರಿರ್ತವೆ ಬುಡಿ!" ಎಂದ ಸಣ್ಣಬೀರಯ್ಯ.

ರಾಚಮ್ಮ ಸೆರಗು ಬಿಗಿದಳು. "ಹಾರಿ ಆಚೀಗೆ ಬಂದು, ಬೀದಿ ಎಲ್ಲಾ ಮೇಯ್ದು, ತಿರುಗಾ ಹಾರಿ ಒಳೀಕ್ ಹೋದ್ವಾ? ಯಾಕ್ಲಾ, ಒಳಗೆ ನಿಮ್ಮಪ್ಪ ಹೋಳಿಗೆ ಬೇಯ್ಸಿ ಮಡಗಿದ್ನಾ?"

ಜನ ನಕ್ಕರು. ನಕ್ಕರೂ ಸುಮ್ಮನಾಗಲಿಲ್ಲ, ನಾಳೆಯ ಸಾರಿನ ಆಸೆ ಅಷ್ಟು ಬೇಗ ಬಿಡುತ್ತದೆಯೇ? ಒಬ್ಬೊಬ್ಬರೂ ಮುಂದೆ ಬಂದು ಆಣೆ ಮಾಡತೊಡಗಿದರು. "ನಮ್ಮನೆ ಮುಂದಿನ ಗಿಡ ನಾನು ಮುಟ್ಟಿಲ್ಲ, ಮಾದೇಶ್ವರನಾಣೆ." "ನಾನೂ ಮುಟ್ಟಿಲ್ಲ, ನಂಜುಂಡೇಶ್ವರನಾಣೆ." ಅಧ್ಯಕ್ಷರೂ ಎದೆಯ ಮೇಲಿನ ಲಿಂಗ ಮುಟ್ಟಿ ಆಣೆ ಮಾಡಿದರು. ಸುಳ್ಳು ಹೇಳುವ ಮುಖ ಒಂದೂ ಇರಲಿಲ್ಲ. ನನಗೇ ಒಂದು ಗಳಿಗೆ ಮೇಕೆಗಳಿಗೆ ರೆಕ್ಕೆ ಬಂದಿರಬಹುದು ಅನ್ನಿಸಿತು.

ಅಷ್ಟರಲ್ಲಿ ರಾಚಮ್ಮ ಅಲ್ಲಿಂದ ಸರಸರನೆ ಹೊರಟಳು. ದೊಡ್ಡಿಯ ಎದುರಿಗೇ ಅಧ್ಯಕ್ಷರ ಮನೆ. ಜಗಲಿ ಹತ್ತಿ, ಬಾಗಿಲಿನ ಮೇಲೆ ಆ ಬೆಳಿಗ್ಗೆ ತಾನೇ ಕಟ್ಟಿದ್ದ ತೋರಣ ಹಿಡಿದು ನಮ್ಮ ಕಡೆ ತಿರುಗಿದಳು. ತಾಮ್ರದ ಬಣ್ಣದ ಎಳೆ ಮಾವಿನೆಲೆ, ನಡುನಡುವೆ ಬೇವಿನ ಚಿಗುರು.

"ಬುದ್ಧಿಯೋರೇ, ಇದು ಯಾರು ಕಟ್ಟಿದ್ದು? ನನ್ ಮೇಕೆಯಾ?"

ಎಲ್ಲರ ಕಣ್ಣೂ ಬೀದಿಯ ಮೇಲೆ ಹರಿಯಿತು. ಮನೆ ಮನೆಯ ಬಾಗಿಲಿಗೂ ತೋರಣ, ಒಂದಕ್ಕಿಂತ ಒಂದು ದಟ್ಟ. ಪ್ರತಿ ವರ್ಷ ಯುಗಾದಿಗೆ ನಾವು ಕೆರೆಯಾಚೆಯ ತೋಪಿಗೆ ಹೋಗಿ ಮಾವು ಬೇವು ತರುವವರು. ಈ ಸಲ ಬಾಗಿಲಲ್ಲೇ ಎರಡೂ ಇರುವಾಗ ಅಷ್ಟು ದೂರ ಯಾರು ನಡೆಯುತ್ತಾರೆ? ಆದರೆ ತಮ್ಮ ಮನೆಯ ಮುಂದಿನ ಗಿಡದ ಎಲೆ ಕಿತ್ತರೆ ಜವಾಬು ತಾವೇ ಹೇಳಬೇಕು. ಆದ್ದರಿಂದ ಒಬ್ಬೊಬ್ಬರೂ ಮುಂಜಾನೆ ಮಬ್ಬಿನಲ್ಲಿ ಮೆಲ್ಲಗೆ ಅಕ್ಕಪಕ್ಕದ, ಎದುರಿನ ಮನೆಗಳ ಗಿಡಗಳಿಗೆ ಕೈ ಹಾಕಿದ್ದರು. ಒಂದೇ ರೆಂಬೆ ತಾನೇ ಎಂದು ಒಬ್ಬೊಬ್ಬರೂ ಗಿಡಕ್ಕೊಂದು ರೆಂಬೆ. ಅವರ ಆಣೆಗಳೆಲ್ಲ ಚಿನ್ನದಂಥ ಸತ್ಯ!

"ನಮ್ಮನ್ನ ಕೇಳ್ತೀರಲ್ಲಾ, ನಿಮ್ ಬಾಗ್ಲಲ್ಲಿ ಏನ್ ನೇತಾಡ್ತಾ ಐತೆ ಸ್ವಾಮಿ?" ಎಂದ ಸಣ್ಣಬೀರಯ್ಯ ನನಗೆ.

ತಿರುಗಿ ನೋಡಿದೆ. ಇಡೀ ಬೀದಿಯಲ್ಲೇ ಉದ್ದದ ತೋರಣ ನಮ್ಮದು. ಬೇರೆ ಹೇಗಿರಲು ಸಾಧ್ಯ? ನನ್ನ ಹೆಂಡತಿ ನೀಲಾಂಬಿಕೆ ಬಾಗಿಲ ಮರೆಯಿಂದಲೇ ಹೇಳಿದಳು: "ಅದು ಅಧ್ಯಕ್ಷರ ಮನೆ ಮುಂದಿನ ಗಿಡದ್ದು ಕಣ್ರೀ. ಮೊದಲು ಕಿತ್ತಿದ್ದು ನಾನಲ್ಲ, ನಾನು ಹೋಗೋ ಹೊತ್ಗೆ ಮೂರು ರೆಂಬೆ ಆಗ್ಲೇ ಇರ್ಲಿಲ್ಲ."

"ನಿಮ್ ಗಿಡದ್ದು ನಮ್ಮನೇಲೈತೆ" ಎಂದರು ಅಧ್ಯಕ್ಷರು, ಬಹಳ ಸಣ್ಣ ದನಿಯಲ್ಲಿ.

"ಕಾಯ್ದೆ ಓದ್ಲಾ ರುದ್ರಸಾಮಿ" ಎಂದಳು ರಾಚಮ್ಮ.

ಬೇರೆಯವನಾಗಿದ್ದರೆ ಅಲ್ಲೇ ಕುಸಿಯುತ್ತಿದ್ದ. ನಾನು ಎದ್ದು ನಿಂತು, ಆ ಕಾಯಿದೆಯನ್ನು ದೂರದ ಅಂತರಸಂತೆಯ ಊರಿಗೂ ಕೇಳುವ ಹಾಗೆ ಒಪ್ಪಿಸಿದೆ. ಎರಡು ಕಾಲಿನ ಮಾತು ಬಂದಾಗ ದನಿ ಇನ್ನೂ ಏರಿಸಿದೆ. "ಮೇಕೆ ಹೊರಗೆ ಬರಲಿ. ತೋರಣ ಕಟ್ಟಿದ ಮನೆ ಮನೆಯ ಯಜಮಾನನೂ ಒಳಗೆ ನಡೀಲಿ. ಕಾಯಿದೆ ಬರೆದ ನಾನೇ ಮೊದಲು" ಎಂದು ಅಧ್ಯಕ್ಷರ ಮುಂದೆ ಕೈ ಚಾಚಿದೆ. ಅವರು ಉಡಿದಾರ ಬಿಚ್ಚಿ ಬೀಗದ ಕೈ ಕೊಟ್ಟರು. ನಾನು ಅದನ್ನು ರಾಚಮ್ಮನಿಗೆ ಕೊಟ್ಟೆ. ಅವಳು ಬೀಗ ತೆಗೆದು ಮೇಕೆಗಳನ್ನು ಹೊರಗೆ ಬಿಟ್ಟಳು. ನಾನು ಮೈಸೂರು ಅರಮನೆಯೊಳಗೆ ಕಾಲಿಡುವ ಗತ್ತಿನಲ್ಲಿ ದೊಡ್ಡಿಯೊಳಗೆ ನಡೆದೆ. ಹಿಕ್ಕೆಯ ಮೇಲೆ ಹೊಸ ಪಂಚೆಯ ಅಂಚು ಎಳೆದುಕೊಂಡು ಬಂತು, ಲೆಕ್ಕಕ್ಕಿಡಲಿಲ್ಲ. ನನ್ನ ನಡಿಗೆ ನೋಡಿ ಮಿಕ್ಕವರಿಗೂ ಧೈರ್ಯ ಬಂತು. ಅಧ್ಯಕ್ಷರು ಬಂದರು. ಸಣ್ಣಬೀರಯ್ಯ ಬರಲಾರೆನೆಂದ, ಅವನ ಹೆಂಡತಿಯೇ ನೂಕಿದಳು. ರಾಚಮ್ಮ ಹೊರಗಿನಿಂದ ಬೀಗ ಜಡಿದಳು.

ದೊಡ್ಡಿಯೊಳಗಿನ ಯುಗಾದಿ ಅಷ್ಟೇನೂ ಕೆಟ್ಟದಾಗಿರಲಿಲ್ಲ. ಬೇವು ಬೆಲ್ಲ ಗೋಡೆಯ ಮೇಲಿಂದ ಬಂತು, ಹೋಳಿಗೆ ಬಂತು. ನಾನೊಬ್ಬನೇ ಹದಿನೆಂಟು ತಿಂದೆ. ಗೋಡೆಗೆ ಒರಗಿ ನಾವು ಪಂಚಾಂಗದ ಫಲ ಮಾತಾಡಿಕೊಳ್ಳುತ್ತಿದ್ದೆವು. ಅಷ್ಟರಲ್ಲಿ ಗೇಟಿನ ಸಂದಿಯಿಂದ ಹೊರಗೆ ನೋಡಿದ ಸಣ್ಣಬೀರಯ್ಯ ಚಿಟಾರನೆ ಚೀರಿದ.

"ಲೇ ಲೇ, ಅದು ನಮ್ಮನೇದು ಕಣ್ಲಾ!"

ರಾತ್ರಿಯೆಲ್ಲ ಹಸಿದು, ಹಗಲು ಕೆರೆಯಾಚೆ ಮೇಯ್ದರೂ ಹೊಟ್ಟೆ ತುಂಬದ ಮೇಕೆಗಳು ಸಂಜೆ ಬೀದಿಗೆ ಬಿದ್ದಿದ್ದವು. ರಾಚಮ್ಮ ನೀರು ತರಲು ಬಾವಿಗೆ ಹೋಗಿದ್ದಳು, ಹೆಂಗಸರು ಒಲೆಯ ಮುಂದಿದ್ದರು, ಗಂಡಸರೆಲ್ಲ ನಮ್ಮ ಜೊತೆ. ಗದರಿಸುವವರೇ ಇಲ್ಲ. ಜಗಲಿ ಹತ್ತಿ, ಹಿಂಗಾಲಿನ ಮೇಲೆ ನಿಂತು, ಬಾಗಿಲಿನಿಂದ ಬಾಗಿಲಿಗೆ ಅವು ತೋರಣ ಮೇಯುತ್ತ ಬಂದವು. ರಾಚಮ್ಮ ಕೊಡ ಇಳಿಸಿ ಓಡಿಬರುವಷ್ಟರಲ್ಲಿ ಉಳಿದದ್ದು ಬರೀ ದಾರ. ಅದೇ ಹೊತ್ತಿಗೆ ಸಾಹೇಬರ ಜೀಪು ಬಂತು.

ಸಾಹೇಬರು ತೆಳ್ಳಗೆ, ಖಾಕಿ ಟೋಪಿ, ದಪ್ಪ ಕನ್ನಡಕ. ಇಳಿದವರು ಬೋಳು ಗಿಡಗಳನ್ನು ನೋಡಿದರು. ಅಧ್ಯಕ್ಷರ ಜಗಲಿಯ ಮೇಲೆ ಕೊನೆಯ ಮಾವಿನೆಲೆ ಅಗಿಯುತ್ತಿದ್ದ ಮೇಕೆಯನ್ನು ನೋಡಿದರು. ಅದರ ಪಕ್ಕ ಏದುಸಿರು ಬಿಡುತ್ತಿದ್ದ ರಾಚಮ್ಮನನ್ನು ನೋಡಿದರು.

"ನಿಮ್ಮವಾ ಇವು?"

"ನನ್ನವೇ ಬುದ್ಧಿ, ಆದ್ರೆ..."

"ಇಡೀ ಬೀದಿ ನುಂಗಿ ಹಾಕಿವೆಯಲ್ಲ! ಇಂಥವನ್ನ ಊರಲ್ಲಿ ಇಟ್ಟುಕೊಂಡು ಮರ ಬೆಳೆಸೋದು ಹೇಗೆ? ಇವತ್ತೇ ಸಾಗಹಾಕಿಸ್ತೀನಿ. ಎಲ್ಲಿ ಅಧ್ಯಕ್ಷರು?"

ತೋರಿಸೋಣವೆಂದರೆ ತೋರಣವೂ ಮೇಕೆಯ ಹೊಟ್ಟೆಯಲ್ಲೇ. ರಾಚಮ್ಮ ಆ ಮೇಕೆಯ ಕೊರಳು ತಬ್ಬಿಕೊಂಡು ನಿಂತಳು.

ಗೋಡೆಯ ಒಳಗೆ ನಾವೆಲ್ಲ ಇದನ್ನು ಕೇಳುತ್ತಿದ್ದೆವು. ಸುಮ್ಮನೆ ಕೂತರೆ ಊರಿನ ಮಾನ ಉಳಿಯುತ್ತದೆ. ತಪ್ಪೆಲ್ಲ ಮೇಕೆಯದ್ದಾದರೆ ಹೊಸ ಗಿಡ ಬರುತ್ತದೆ, ಮುಂದಿನ ವರ್ಷ ಬೋರ್ಡೂ ಬರಬಹುದು, ನಾಳೆಗೆ ಬಾಡಂತೂ ಬಂದೇ ಬರುತ್ತದೆ. ನಾನು ಅಧ್ಯಕ್ಷರ ಕಡೆಗೆ ಒಂದು ನೋಟ ನೋಡಿದೆ. ಆ ನೋಟಕ್ಕೆ ಕಾಕನಕೋಟೆಯ ಒಂಟಿಸಲಗವೂ ಮಂಡಿಯೂರುತ್ತಿತ್ತು. ಅವರು ಕಣ್ಣು ತಪ್ಪಿಸಿ, ಹೊರಗೆ ಖಾಲಿ ನಿಂತಿದ್ದ ಬೋರ್ಡಿನ ಕಂಬವನ್ನು ನೋಡಿದರು. ಆಮೇಲೆ ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡು, ದನಗಳಿಗೆ ನೀರು ತುಂಬುವ ಕಲ್ಲುಬಾನಿಯ ಮೇಲೆ ಹತ್ತಿ, ಗೋಡೆಯಿಂದ ತಲೆ ಹೊರಗೆ ಹಾಕಿದರು.

"ಸ್ವಾಮಿ, ಇಲ್ಲಿದ್ದೀನಿ."

ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ನೀವು? ದೊಡ್ಡಿಯಲ್ಲಿ?"

"ಎಲೆ ಕಿತ್ತೋನು ನಾನು. ಮೇಕೆ ಅಲ್ಲ. ಮೇಕೆ ತಿಂದಿದ್ದು ನಾವು ಕಿತ್ತು ಬಾಗ್ಲಿಗೆ ಕಟ್ಟಿದ್ದ ತೋರಣ."

"ನಾನೂ ಕಿತ್ತೆ" ಎಂದು ಪಕ್ಕದಲ್ಲಿ ಇನ್ನೊಂದು ತಲೆ ಎದ್ದಿತು. "ನಾನೂವೆ." "ನಮ್ಮನೇಲಿ ನಮ್ಮತ್ತೆ ಕಿತ್ತಿದ್ದು, ಕಟ್ಟಿದ್ದು ನಾನು." ಗೋಡೆಯ ಉದ್ದಕ್ಕೂ ಪೇಟಗಳೂ ಬೋಳುತಲೆಗಳೂ ಸಾಲಾಗಿ ಎದ್ದವು, ಸಣ್ಣಬೀರಯ್ಯನದೊಂದು ಕೊನೆಗೆ, ಬಹಳ ನಿಧಾನವಾಗಿ.

ಸಾಹೇಬರು ನಕ್ಕ ನಗುವಿಗೆ ಜೀಪಿನ ಗಾಜು ಅದುರಿತು. ನಕ್ಕು ಮುಗಿಸಿ ಒಂದೊಂದು ಗಿಡವನ್ನೂ ಬಗ್ಗಿ ನೋಡಿದರು. ಸತ್ತಿಲ್ಲ, ತುದಿ ಹೋಗಿದೆ ಅಷ್ಟೆ, ಮಳೆ ಬಿದ್ದರೆ ಪಕ್ಕದಿಂದ ಚಿಗುರಿ ಇನ್ನೂ ಹರಡಿಕೊಳ್ಳುತ್ತವೆ ಎಂದರು. "ದನ, ಮೇಕೆ, ಗಾಳಿ, ಗೆದ್ದಲು, ಎಲ್ಲದಕ್ಕೂ ನಮ್ಮಲ್ಲಿ ಸೂಚನೆ ಇದೆ. ಹಬ್ಬಕ್ಕೆ ಮಾತ್ರ ಬರೆದಿಲ್ಲ" ಎಂದರು.

"ಬರಕೊಳ್ಳಿ ಸ್ವಾಮಿ" ಎಂದೆ ನಾನು ಗೋಡೆಯ ಮೇಲಿಂದ. "ಬೀದಿಗೆ ಮಾವು ಬೇವು ನೆಡುವ ಊರು ಮೊದಲು ಊರಾಚೆ ಬರೀ ಹಬ್ಬಕ್ಕೆಂದೇ ಒಂದು ತೋಪು ಎಬ್ಬಿಸತಕ್ಕದ್ದು. ತೋಪು ಬೆಳೆಯುವ ತನಕ ಬೀದಿಗೆ ಹೊಂಗೆ."

ಸಾಹೇಬರು ನಿಜವಾಗಿಯೂ ಬರೆದುಕೊಂಡರು. ಬೋರ್ಡು ಕೊಡಲಿಲ್ಲ, ಆದರೆ ಆ ಮಳೆಗಾಲಕ್ಕೆ ಒಂದು ಲಾರಿ ಹೊಂಗೆ ಸಸಿ ಕಳಿಸಿದರು. ಈಗ ನಮ್ಮ ಬೀದಿಯಲ್ಲಿ ಮಟಮಟ ಮಧ್ಯಾಹ್ನವೂ ಬಸ್ಸು ದೀಪ ಹಾಕಿಕೊಂಡು ಬರಬೇಕು.

ಅವತ್ತು ಹೊತ್ತು ಮುಳುಗಿತು. ರಾಚಮ್ಮ ಬೀಗ ತೆಗೆದಳು. ಒಬ್ಬೊಬ್ಬರೂ ಪಂಚೆ ಕೊಡವಿಕೊಂಡು ಹೊರಗೆ ಬಂದರು. ಅಧ್ಯಕ್ಷರು ಅವಳ ಮುಂದೆ ನಿಂತು ಒಂದು ಮೇಕೆಯ ತಲೆ ಸವರಿದರು. ಅವಳು ಒಂಬತ್ತನ್ನೂ ಹೆಸರು ಹಿಡಿದು ಕರೆದು, ಬೀದಿಯ ನಟ್ಟನಡುವೆ ನಡೆಸಿಕೊಂಡು ಹೊರಟಳು. ನಾವೆಲ್ಲ ಎರಡೂ ಕಡೆ ಸರಿದು ದಾರಿ ಬಿಟ್ಟೆವು. ಕೊನೆಯ ಮೇಕೆ ಮಾತ್ರ ನನ್ನ ಮನೆಯ ಮುಂದೆ ನಿಂತು, ಬಿದಿರು ಬುಟ್ಟಿಯ ಮೇಲೆ ಮುಂಗಾಲಿಟ್ಟು, ಬೋಳು ಕಡ್ಡಿಯನ್ನು ಮೂಸಿ ನೋಡಿತು. ಇಡೀ ಊರು ಉಸಿರು ಬಿಗಿಹಿಡಿಯಿತು.

"ಬಾರೇ ಇತ್ಲಾಗೆ" ಎಂದಳು ರಾಚಮ್ಮ, ತಿರುಗಿಯೂ ನೋಡದೆ. "ಅದ್ರಲ್ಲೇನೈತೆ? ಇರೋ ಬರೋದೆಲ್ಲ ಇವ್ರೇ ಮೇಯ್ದವ್ರೆ."